ಸಿಪ್ಪೆ ಕಟ್ಟುವ ತನಕ

ಮಾರ್ಚ್ 24, ಸೋಮವಾರ

ಕಾಲೇಜು ಬಿಟ್ಟ ಮೇಲೆ ದಿನಚರಿ ಬರೆದವಳಲ್ಲ. ಈಗ ಎದೆಯಲ್ಲಿ ಕೂತಿರುವ ದಿಗಿಲನ್ನು ಯಾರಿಗೆ ಹೇಳಿದರೂ ‘ಧೈರ್ಯ ತಗೋ’ ಅನ್ನುತ್ತಾರೆ. ಅದನ್ನು ಎಲ್ಲಿಂದ ತೆಗೆದುಕೊಳ್ಳಬೇಕೆಂದು ಯಾರೂ ಹೇಳುವುದಿಲ್ಲ.

ಕಳೆದ ವಾರ ಅತ್ತೆಯವರಿಗೆ ಲಕ್ವ ಹೊಡೆಯಿತು. ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದವರು ಹಾಗೇ ಗೋಡೆಗೆ ವಾಲಿಬಿಟ್ಟರು. ಸತ್ತೆಪ್ಪ ಕಾಕಾ, ಅಂದರೆ ಮಾವನವರ ತಮ್ಮ, ತಮ್ಮ ಟಂಟಂ ಗಾಡಿಯಲ್ಲಿ ಘಟಪ್ರಭಾದ ಆಸ್ಪತ್ರೆಗೆ ಮುಟ್ಟಿಸಿದರು. ಬಲಗೈ, ಬಲಗಾಲು ಬಿದ್ದಿವೆ. ಮಾತು ನಿಂತಿದೆ. ಜೀವಕ್ಕೆ ಭಯವಿಲ್ಲ, ಮಾತು ಮರಳಬಹುದು, ಯಾವಾಗ ಎಂದು ಮಾತ್ರ ಹೇಳಲಾಗದು ಎಂದರು ಡಾಕ್ಟರು. ನಮ್ಮ ಮನೆಯವರು ಹುಕ್ಕೇರಿಯಲ್ಲಿ ಲೈನ್‌ಮನ್. ರಜೆ ಹಾಕಿ ತಾಯಿಯ ಹತ್ತಿರ ಕೂತಿದ್ದಾರೆ. ನಾನು ದಿನಾ ಮೇಲವಂಕಿಯಿಂದ ಬಸ್ಸಿಗೆ ಗಂಜಿ ಒಯ್ಯುತ್ತೇನೆ.

ಹೊಲದಲ್ಲಿ ಎರಡು ಎಕರೆ ಈರುಳ್ಳಿ, ನಮ್ಮ ಕಡೆಯ ಉಳ್ಳಾಗಡ್ಡಿ, ನಿಂತಿದೆ. ಮಾವನವರು ತೀರಿದ ಮೇಲೆ ಒಕ್ಕಲುತನವೆಲ್ಲ ಅತ್ತೆಯವರದೇ. ನಾನು ಸಂಕೇಶ್ವರದಲ್ಲಿ ಅಪ್ಪನ ಟೇಲರ್ ಅಂಗಡಿಯ ಮೇಲಿನ ಮನೆಯಲ್ಲಿ ಬೆಳೆದವಳು. ಮದುವೆಯಾದ ಹೊಸದರಲ್ಲಿ ಕಳೆ ತೆಗೆಯಲು ಕೂತು, ಕಳೆಯ ಜೊತೆ ಉಳ್ಳಾಗಡ್ಡಿ ಸಸಿಯನ್ನೂ ಕಿತ್ತಿದ್ದೆ. ‘ನಿನಗ ಗೊತ್ತಾಗಂಗಿಲ್ಲ, ಮನಿಗಿ ಹೋಗ’ ಎಂದಿದ್ದರು ಅತ್ತೆಯವರು. ಆಮೇಲೆ ಬುತ್ತಿ ಕೊಡಲು ಬಿಟ್ಟರೆ ಹೊಲಕ್ಕೆ ಹೋಗಿಲ್ಲ.

ಇವತ್ತು ಕಾಕಾ ಬಂದು, “ಇನ್ನೊಂದ ನೀರ ಹಾಯಿಸಿದ್ರ ಗಡ್ಡಿ ದಪ್ಪ ಆಕ್ಕಾವು. ನಾಳಿ ಮೋಟರ್ ಚಾಲೂ ಮಾಡ್ತೀನಿ” ಎಂದರು. ಅತ್ತೆಯವರು ಬೀಳುವ ಮೊದಲೇ ನೀರು ನಿಲ್ಲಿಸಿದ್ದರು, ಅದು ನನಗೆ ಗೊತ್ತು. ಯಾಕೆ ನಿಲ್ಲಿಸಿದರೆಂದು ಗೊತ್ತಿಲ್ಲ. ಇವರಿಗೆ ಫೋನ್ ಮಾಡಿದೆ. “ಕಾಕಾ ಹಿರ್ಯಾರು, ಅವರು ಹೇಳಿದಂಗ ಮಾಡು” ಎಂದರು. ನಾನು ಹೂಂ ಅಂದೆ. ಹೂಂ ಅಂದಮೇಲೆ ಭಯ ಇನ್ನೂ ಜಾಸ್ತಿಯಾಯಿತು.

ಮಾರ್ಚ್ 25, ಮಂಗಳವಾರ

ಮೊದಲ ಬಸ್ಸಿಗೆ ಆಸ್ಪತ್ರೆಗೆ ಹೋಗಿ ಅತ್ತೆಯವರನ್ನೇ ಕೇಳಿದೆ. “ಅತ್ತಿ, ಉಳ್ಳಾಗಡ್ಡಿಗೆ ನೀರ ಹಾಯಸೂದೇನ್ರಿ?” ಅವರ ಕಣ್ಣು ಕೆಂಪಾದವು. ಎಡಗೈಯಿಂದ ಮಂಚದ ಕಬ್ಬಿಣದ ಪಟ್ಟಿಯನ್ನು ಬಡಿದರು, ನರ್ಸ್ ಓಡಿಬಂದಳು. ಇಷ್ಟು ಸ್ಪಷ್ಟವಾಗಿ ಯಾರೂ ನನಗೆ ಬೇಡ ಎಂದಿಲ್ಲ.

ಬಂದ ಬಸ್ಸಿಗೇ ಮರಳಿದೆ. ಮೋಟರ್ ಆಗಲೇ ಓಡುತ್ತಿತ್ತು, ನೀರು ಕಾಲುವೆ ಬದಿಯ ಕೆಳಗಿನ ಪಟ್ಟಿಗೆಲ್ಲ ಹರಿದಿತ್ತು, ಮೇಲಿನ ಪಟ್ಟಿಗೆ ಇನ್ನೂ ಮುಟ್ಟಿರಲಿಲ್ಲ. ಸ್ವಿಚ್ ಆರಿಸಿದೆ. ಕಾಕಾ ಒಡ್ಡಿನ ಮೇಲೆ ನಿಂತು ನೋಡಿದರು. “ಮಾತ ಬರದಾಕಿ ನಿನಗೇನ ಹೇಳಿದ್ಳು?” ಎಂದರು. ತಲೆ ತಗ್ಗಿಸಿಕೊಂಡು ಮನೆಗೆ ಬಂದೆ. 

ಮಾರ್ಚ್ 30, ಭಾನುವಾರ, ಯುಗಾದಿ

ಹೊಲದಿಂದ ಒಂದು ಗಡ್ಡೆ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಒಯ್ದೆ. ದಾರಿಯಲ್ಲಿ ಬಸ್ಸಿನಲ್ಲಿ ಅದನ್ನೇ ನೋಡುತ್ತ ಕೂತೆ. ಅಂಗಡಿಯಲ್ಲಿ ಸಿಗುವ ಗಡ್ಡೆಗೂ ಇದಕ್ಕೂ ಸಂಬಂಧವೇ ಇಲ್ಲವೇನೋ ಅನ್ನಿಸಿತು. ಹೊರಗಿನ ಪದರು ಒದ್ದೆ, ದಪ್ಪ, ಬಿಳಿಚು. ಉಗುರು ತಾಗಿದಲ್ಲಿ ರಸ ಒಸರುತ್ತದೆ. ಕಾಗದದಂಥ ಕೆಂಪು ಸಿಪ್ಪೆ ಎಲ್ಲೂ ಇಲ್ಲ. ಅಡುಗೆಮನೆಯಲ್ಲಿ ಆ ಸಿಪ್ಪೆ ತೆಗೆದು ಎಸೆಯುವುದೇ ನನ್ನ ಮೊದಲ ಕೆಲಸ, ಅದು ಯಾವಾಗ ಹುಟ್ಟುತ್ತದೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅತ್ತೆಯವರ ಬಲಗೈ ಬೆರಳು ಸ್ವಲ್ಪ ಮಡಚುತ್ತಿವೆ. ಗಡ್ಡೆ ಕಂಡ ಕೂಡಲೇ ಆ ಕೈಯನ್ನೇ ಚಾಚಿದರು. ತಪ್ಪಲು, ಅಂದರೆ ಹಸಿರೆಲೆ, ಗಡ್ಡೆಗೆ ಕೂಡುವ ಕುತ್ತಿಗೆಯ ಮೇಲೆ ಹೆಬ್ಬೆರಳು ಇಟ್ಟು ಬಹಳ ಹೊತ್ತು ಒತ್ತಿದರು. ಆಮೇಲೆ ತಲೆ ಅಡ್ಡ ಆಡಿಸಿದರು. ಇನ್ನೂ ಆಗಿಲ್ಲ. ಮನಸ್ಸು ಎಷ್ಟು ಹಗುರಾಯಿತೆಂದರೆ, ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿದೆ. ಇನ್ನು ಚಿಂತೆಯಿಲ್ಲ. ಅವರು ಹೇಳುತ್ತಾರೆ, ನಾನು ಮಾಡುತ್ತೇನೆ.

ಏಪ್ರಿಲ್ 3, ಗುರುವಾರ

ಅತ್ತೆಯವರನ್ನು ಮನೆಗೆ ಕರೆತಂದೆವು. ಅಂಗಳದ ಬೇವಿನ ನೆರಳಿಗೆ ಮಂಚ ಹಾಕಿದೆ. ಇವರು ಹುಕ್ಕೇರಿಗೆ ಹೋದರು. ಸ್ನಾನ, ಊಟ, ಕೈಕಾಲಿನ ವ್ಯಾಯಾಮ, ಎಲ್ಲ ನಾನೇ. ಮೈ ತೊಳೆಯುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಾರೆ, ನಾನೂ ಬೇರೆ ಕಡೆ ನೋಡುತ್ತೇನೆ. ದಿನಾ ಬೆಳಿಗ್ಗೆ ಒಂದು ಗಡ್ಡೆ ತಂದು ಬಲಗೈಗೆ ಕೊಡುತ್ತೇನೆ. ಹೆಬ್ಬೆರಳು ಒತ್ತುತ್ತಾರೆ. ಬೇಡ.

ಏಪ್ರಿಲ್ 6, ಭಾನುವಾರ

ಕೀಳುವ ಹೆಣ್ಣಾಳುಗಳ ಮುಂದಾಳು ರಾಮವ್ವ ಮನೆಗೆ ಬಂದಿದ್ದಳು.

“ಕುತ್ತಿಗಿ ಮೆತ್ತಗಾಗಿ ತಪ್ಲೆಲ್ಲ ಮಲಗ್ಯಾವ ತಂಗಿ. ಎಂದ ಕೀಳೂದು?”

“ಅತ್ತಿ ಬ್ಯಾಡ ಅಂದಾರಕ್ಕ.”

ಅವಳು ಮಂಚದ ಕಡೆ ನೋಡಿ ದನಿ ತಗ್ಗಿಸಿದಳು. “ನಿಮ್ಮತ್ತಿ ಉದ್ದವ್ವ ಅಂದ್ಲಂದ್ರ ಖರೇನ ಇರತೈತಿ. ಆದ್ರ ಹಿಂಗ ಮಲಗಿದ ಮ್ಯಾಲ ಭಾಳ ದಿನ ಮಣ್ಣಾಗ ಇಡಬಾರದು. ಕಿತ್ತ ಮ್ಯಾಲೂ ಸಿಪ್ಪಿ ಕಟ್ಟಾಕ ಗಾಳಿ ಬೇಕ, ಒಣ ಹವಾ ಬೇಕ. ಅಡ್ಡಮಳಿ ಬಂತಂದ್ರ ಮುಗೀತು.”

ಫೋನಿನಲ್ಲಿ ಹವಾಮಾನ ನೋಡಿದೆ. ಮುಂದಿನ ವಾರ ಮೋಡದ ಚಿತ್ರ, ಅದರ ಕೆಳಗೆ ಮಿಂಚು. ಅತ್ತೆಯವರಿಗೆ ತೋರಿಸಿದೆ. ಗಡ್ಡೆ ಒತ್ತಿ ನೋಡಿ ಮತ್ತೆ ತಲೆ ಅಡ್ಡ ಆಡಿಸಿದರು. ಅವರಿಗೆ ಗೊತ್ತಿಲ್ಲದ್ದು ರಾಮವ್ವನಿಗೆ ಗೊತ್ತೇ? ಆದರೂ ಮತ್ತೆ ಮತ್ತೆ ಫೋನ್ ತೆಗೆದು ಆ ಮಿಂಚಿನ ಚಿತ್ರ ನೋಡುತ್ತಿದ್ದೇನೆ. 

ಏಪ್ರಿಲ್ 7, ಸೋಮವಾರ

ಇವತ್ತು ಒಂದು ಗಡ್ಡೆಯನ್ನು ತಪ್ಪಲ ಸಮೇತ ಉದ್ದಕ್ಕೆ ಸೀಳಿದೆ. ಅಡುಗೆಗೆ ಅಡ್ಡಡ್ಡ ಹೆಚ್ಚುವವಳಿಗೆ ಇದು ಕಂಡಿರಲೇ ಇಲ್ಲ: ಗಡ್ಡೆಯ ಒಂದೊಂದು ಪದರವೂ ಒಂದೊಂದು ಎಲೆಯ ಬುಡ. ಹೊರಗಿನ ಎಲೆ ಒಣಗಿದೆ, ಅದರ ಬುಡದ ಪದರು ತೆಳ್ಳಗಾಗಿ ಬಣ್ಣ ಏರುತ್ತಿದೆ. ಒಳಗಿನ ಎಲೆ ಹಸಿರು, ಅದರ ಪದರು ರಸಭರಿತ. ಅಂದರೆ ಸಿಪ್ಪೆ ಹೊರಗಿನಿಂದ ಬಂದು ಕೂರುವುದಿಲ್ಲ. ಹೊರಗಿನ ಪದರೇ ತನ್ನ ನೀರು ಬಿಟ್ಟುಕೊಟ್ಟು ಸಿಪ್ಪೆಯಾಗುತ್ತದೆ. ಅದಕ್ಕೇ ಅತ್ತೆಯವರು ನೀರು ನಿಲ್ಲಿಸಿದ್ದು! ನೀರು ಕೊಡುತ್ತಲೇ ಇದ್ದರೆ ಎಲೆ ಒಣಗುವುದಿಲ್ಲ, ಕುತ್ತಿಗೆ ಮುಚ್ಚುವುದಿಲ್ಲ.

ಹಾಗಾದರೆ ಮೇಲಿನ ಪಟ್ಟಿಯ ಗಡ್ಡೆಗಳ ಕುತ್ತಿಗೆ ಇಷ್ಟು ಮೆತ್ತಗಾಗಿರುವಾಗ ಅವರು ಯಾಕೆ ಬೇಡ ಎನ್ನುತ್ತಿದ್ದಾರೆ? ನನ್ನ ಬೆರಳಿಗೆ ಮೆತ್ತಗೆ ಹತ್ತುತ್ತದೆ. ನನ್ನ ಬೆರಳನ್ನು ಎಷ್ಟು ನಂಬುವುದು?

ಏಪ್ರಿಲ್ 9, ಬುಧವಾರ

ಬರೆಯಲೋ ಬೇಡವೋ ಎಂದು ಬಹಳ ಹೊತ್ತು ಕೂತೆ.

ಮಧ್ಯಾಹ್ನ ಅತ್ತೆಗೆ ಚಹಾ ಕೊಟ್ಟು ಒಳಗೆ ಹೋಗಿದ್ದೆ. ಸ್ಟೀಲ್ ಲೋಟ, ಆಗಷ್ಟೇ ಕುದಿಸಿದ ಚಹಾ. ಆರಲೆಂದು ಸ್ಟೂಲಿನ ಮೇಲೆ ಇಟ್ಟಿದ್ದೆ. ತಿರುಗಿ ಬಂದಾಗ ಅದನ್ನು ಬಲಗೈಯಲ್ಲಿ ಹಿಡಿದು ಕೂತಿದ್ದರು. ಹೊರಗೆ ರಸ್ತೆ ನೋಡುತ್ತಿದ್ದರು, ಮುಖದಲ್ಲಿ ಏನೂ ಇಲ್ಲ. ನಾನು ಲೋಟ ಕಿತ್ತುಕೊಂಡೆ, ಅದರ ಕಾವಿಗೆ ನನ್ನ ಕೈಯಲ್ಲೇ ನಿಲ್ಲಲಿಲ್ಲ. ಅವರ ಹೆಬ್ಬೆರಳು ಕೆಂಪಗೆ ಬೆಂದಿತ್ತು. ನೋಡುನೋಡುತ್ತಲೇ ಬೊಬ್ಬೆ ಎದ್ದಿತು.

ಅತ್ತೆ ತಮ್ಮ ಬೆರಳನ್ನು ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು.

ಆ ಕೈ ಆಡುತ್ತದೆ, ಆದರೆ ಅದಕ್ಕೆ ಏನೂ ತಿಳಿಯುವುದಿಲ್ಲ. ಬಿಸಿ, ತಣ್ಣಗೆ, ಗಟ್ಟಿ, ಮೆತ್ತಗೆ, ಯಾವುದೂ. ಇಷ್ಟು ದಿನ ಗಡ್ಡೆಯನ್ನು ಹಿಡಿದು ಅವರು ಹುಡುಕುತ್ತಿದ್ದದ್ದು ಸಿಗುತ್ತಲೇ ಇರಲಿಲ್ಲ. ಸಿಗಲಿಲ್ಲವೆಂದು ‘ಬೇಡ’ ಎನ್ನುತ್ತಿದ್ದರು. ನಾನು ಆ ‘ಬೇಡ’ವನ್ನು ಹಿಡಿದುಕೊಂಡು ರಾಮವ್ವನನ್ನು ತಿರುಗಿ ಕಳಿಸಿದೆ.

ಬೊಬ್ಬೆಗೆ ಮುಲಾಮು ಹಚ್ಚಿದೆ.  

ಏಪ್ರಿಲ್ 10, ಗುರುವಾರ

ಬೆಳಿಗ್ಗೆಯೇ ರಾಮವ್ವನಿಗೆ ಹೇಳಿಕಳಿಸಿದೆ. ಆಳುಗಳು ಬಂದು ಹೊಲದ ಒಡ್ಡಿನ ಮೇಲೆ ಕೂತಿದ್ದರು. ಆದರೂ ಅತ್ತೆಯನ್ನು ಕೇಳದೆ ಶುರು ಮಾಡಲು ಮನಸ್ಸು ಒಪ್ಪಲಿಲ್ಲ. ಎಂದಿನಂತೆ ಒಂದು ಗಡ್ಡೆ ಒಯ್ದೆ. ಈ ಸಲ ಎಡಗೈಯ ಮುಂದೆ ಹಿಡಿದೆ.

ಅವರು ತೆಗೆದುಕೊಳ್ಳಲಿಲ್ಲ. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಬಯ್ಯುವ ಮುಂಚಿನ ಆ ನೋಟ ನನಗೆ ಗೊತ್ತು, ಕಾಲು ಹಿಂದೆ ಸರಿದವು. ಆದರೂ ಗಡ್ಡೆ ಹಿಡಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಕಡೆಗೆ ಎಡಗೈ ನಿಧಾನಕ್ಕೆ ಮೇಲೆ ಬಂತು. ಹೆಬ್ಬೆರಳು ಕುತ್ತಿಗೆಯನ್ನು ಒತ್ತಿತು. ಒತ್ತಿದ ಕೂಡಲೇ ಅವರ ಕಣ್ಣು ಅಗಲವಾದವು. ಗಡ್ಡೆ ಕೈಬಿಟ್ಟು ಮಂಚವನ್ನು ಬಡಿಯತೊಡಗಿದರು, ಹೊಲದ ಕಡೆ ಕೈ ಮಾಡಿದರು. ಕೀಳು, ಕೀಳು.

“ಆಳ ಬಂದಾವ್ರಿ ಅತ್ತಿ. ಹೊಂಟೆ” ಎಂದೆ.

ಹೊತ್ತು ಮುಳುಗುವ ತನಕ ಕಿತ್ತೆವು. ಕೆಲವು ಗಡ್ಡೆಗಳ ಹೊರಪದರು ಮಣ್ಣಿನಲ್ಲೇ ಬಿರುಕು ಬಿಟ್ಟಿತ್ತು. ತಡವಾಗಿದೆ. ಮನೆಗೆ ಬಂದರೆ ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಮಧ್ಯಾಹ್ನದ ಅನ್ನ ಮುಟ್ಟಿರಲಿಲ್ಲ. ಒಂದೊಂದೇ ತುತ್ತು ಬಾಯಿಗೆ ಇಟ್ಟೆ. ಉಂಡರು. ಕಣ್ಣೀರು ಇಳಿಯುತ್ತಲೇ ಇತ್ತು, ನಾನು ಅದನ್ನು ನೋಡದವಳಂತೆ ಇವರ ರಜೆ, ಎಮ್ಮೆಯ ಹಾಲು, ಏನೇನೋ ಮಾತಾಡಿದೆ.

ಏಪ್ರಿಲ್ 12, ಶನಿವಾರ

ಪೂರ್ತಿ ಕಿತ್ತಾಯಿತು. ಸಾಲುಸಾಲಾಗಿ ಮಲಗಿಸಿದ್ದೇವೆ, ಒಂದು ಸಾಲಿನ ತಪ್ಪಲು ಮುಂದಿನ ಸಾಲಿನ ಗಡ್ಡೆಗಳ ಮೇಲೆ ಬರುವಂತೆ. ನೇರ ಬಿಸಿಲು ಬಿದ್ದರೆ ಹಸಿ ಗಡ್ಡೆ ಬೆಂದುಬಿಡುತ್ತದೆಯಂತೆ. ಸಂಜೆ ಒಂದನ್ನು ಎತ್ತಿ ನೋಡಿದೆ. ಹೊರಪದರು ಇನ್ನೂ ತೇವ, ಅಂಚಿನಲ್ಲಿ ಮಾತ್ರ ನವಿರಾಗಿ ಸುಕ್ಕು ಬಿದ್ದಿದೆ.

ಸಿಪ್ಪೆ ಕಟ್ಟುವ ತನಕ ಒಳಗೆ ತುಂಬುವಂತಿಲ್ಲ, ಹೊರಗೆ ಬಿಟ್ಟರೆ ಮಳೆ. ಮಳೆ ಬಂದರೆ ಹೊದಿಸಲು ಮೂಡಲಗಿಯಿಂದ ಪ್ಲಾಸ್ಟಿಕ್ ತಾಡಪತ್ರಿ ತರಲು ಕಾಕಾಗೆ ಹೇಳಿದೆ. “ಮುಗಲ ನೋಡ, ಒಂದ ಮೋಡ ಇಲ್ಲ” ಎಂದು ನಕ್ಕರು. “ಇರ್ಲಿ, ತರ್ರಿ ಕಾಕಾ” ಎಂದೆ. ತಂದರು. ಎಲ್ಲದಕ್ಕೆ ಸಾಲುವುದಿಲ್ಲ.

ಏಪ್ರಿಲ್ 15, ಮಂಗಳವಾರ

ನಿನ್ನೆ ಬರೆಯಲು ಆಗಲಿಲ್ಲ.

ಮಧ್ಯಾಹ್ನದ ಊಟಕ್ಕೆ ಕೂರುವ ಹೊತ್ತಿಗೆ ಗಾಳಿ ನಿಂತಿತು. ಗೋಕಾಕದ ಗುಡ್ಡದ ಕಡೆಯಿಂದ ಮಸಿಯಂಥ ಮೋಡ ಏರಿತು. ಓಡಿದೆ. ರಾಮವ್ವ ತನ್ನ ಹೆಣ್ಣಾಳು ಕರೆದುಕೊಂಡು ಬಂದಳು, ಕಾಕಾ ಬಂದರು. ಗಡ್ಡೆ ಒಳಗೆ, ತಪ್ಪಲು ಹೊರಗೆ ಬರುವಂತೆ ಒಟ್ಟಿ, ಮೇಲೆ ತಾಡಪತ್ರಿ ಹಾಕಿ ಕಲ್ಲು ಹೇರಬೇಕು. ಇವರಿಗೆ ಫೋನ್ ಹಚ್ಚಿದೆ. “ಹುಕ್ಕೇರ್ಯಾಗ ಆಗಲೇ ಕಂಬ ಬಿದ್ದಾವು, ನಾ ಬರಾಕ ಆಗಂಗಿಲ್ಲ. ಅವ್ವ ಎಲ್ಲಿ ಅದಾಳ?” ಎಂದರು.

ಅವ್ವ! ಬೇವಿನ ಕೆಳಗೆ, ಮಂಚದ ಮೇಲೆ, ಒಬ್ಬಳೇ. ನಾನೇ ಮಲಗಿಸಿ ಬಂದಿದ್ದೆ.

ಮೊದಲ ಹನಿ ಬಿತ್ತು. ಇನ್ನೂ ಅರ್ಧ ಹೊಲ ಬಯಲಲ್ಲೇ ಇತ್ತು. ಎಲ್ಲರೂ ನನ್ನ ಮುಖ ನೋಡಿದರು. “ಕಾಕಾ, ನೀರ ಹಾದ ಕೆಳಗಿನ ಪಟ್ಟಿ ಬಿಟ್ಟಬಿಡ್ರಿ. ಇದ್ದದ್ದೆಲ್ಲಾ ಮ್ಯಾಲಿನದಕ್ಕ ಹಾಕ್ರಿ” ಎಂದು ಕೂಗಿ ಮನೆಯ ಕಡೆ ಓಡಿದೆ.

ಮಂಚ ಖಾಲಿ ಇತ್ತು. ಅವ್ವ ನೆಲದ ಮೇಲೆ, ಎಡ ಮೊಣಕೈ ಊರಿ ಮೈ ಎಳೆದುಕೊಂಡು ಬರುತ್ತಿದ್ದಳು. ಬಾಗಿಲು ಹತ್ತಿರವೇ ಇತ್ತು, ಆದರೆ ಅವಳು ಹೊರಟಿದ್ದು ಹೊಲದ ದಾರಿಗೆ. ಸೀರೆಯೆಲ್ಲ ಕೆಸರು. ಆಲಿಕಲ್ಲು ಬೀಳತೊಡಗಿತು. ಅವಳನ್ನು ಹೇಗೆ ಎತ್ತಿದೆನೋ ಗೊತ್ತಿಲ್ಲ, ಒಳಗೆ ತಂದು ಗೋಡೆಗೆ ಒರಗಿಸಿದೆ. ಒದ್ದೆ ತಲೆ ಒರೆಸಲು ಹೋದರೆ ಎಡಗೈಯಿಂದ ನನ್ನನ್ನು ತಳ್ಳಿದಳು. ಹೊಲಕ್ಕೆ ಹೋಗು. ಮತ್ತೆ ತಳ್ಳಿದಳು.

“ಹೋಗಂಗಿಲ್ಲ!” ಎಂದೆ. “ಹೋದ್ರ ಹೋಗ್ಲಿ ಅವು.”

ತಗಡಿನ ಮೇಲೆ ಆಲಿಕಲ್ಲಿನ ಸದ್ದಿಗೆ ಬೇರೇನೂ ಕೇಳಿಸುತ್ತಿರಲಿಲ್ಲ. ಅವಳ ಮೈ ನಡುಗುತ್ತಿತ್ತು. ಕಂಬಳಿ ಹೊದಿಸಿ ತಬ್ಬಿಕೊಂಡು ಕೂತೆ. ಕೆಳಗಿನ ಪಟ್ಟಿ ಕಣ್ಣೆದುರು ಬರುತ್ತಿತ್ತು, ನೀರಲ್ಲಿ ತೇಲುವ ಗಡ್ಡೆಗಳು. ನಡುಗುವುದು ನಿಲ್ಲುವ ತನಕ ಏಳಲಿಲ್ಲ.

ಬೆಳಕು ಇನ್ನೂ ಇರುವಾಗಲೇ ಮಳೆ ನಿಂತಿತು. ರಾಮವ್ವನನ್ನು ಅವ್ವನ ಹತ್ತಿರ ಕೂರಿಸಿ ಹೊಲಕ್ಕೆ ಹೋದೆ. ಕೆಳಗಿನ ಪಟ್ಟಿ ಹೋಗಿತ್ತು. ಮೇಲಿನ ಒಟ್ಟಿಲುಗಳು ಹಾಗೇ ಇದ್ದವು. ತಾಡಪತ್ರಿಯೊಳಗೆ ಕೈ ಹಾಕಿದೆ, ಒಳಗೆ ಬೆಚ್ಚಗೆ ಬೆವರುತ್ತಿತ್ತು.

“ತಗೀರಿ ಕಾಕಾ.”

“ಹುಚ್ಚಿ ಏನ? ಮತ್ತ ಮಳಿ ಬಂದ್ರ?”

“ಬಂದ್ರ ಮತ್ತ ಮುಚ್ಚೂಣು. ಬೆವತ್ರ ಒಳಗ ಕೊಳೀತಾವು.”

ಅವರು ತಾಡಪತ್ರಿಯ ಇನ್ನೊಂದು ತುದಿ ಹಿಡಿದರು.

ಏಪ್ರಿಲ್ 18, ಶುಕ್ರವಾರ

ದಿನಕ್ಕೆ ಹತ್ತು ಸಲ ಹೊಲಕ್ಕೆ ಹೋಗುತ್ತೇನೆ. ಬಗ್ಗಿ ಮೂಸುತ್ತೇನೆ. ಕೊಳೆತ ವಾಸನೆ ಬಂತೇ? ನನ್ನ ಕೈಯದೇ ವಾಸನೆಯೇ? ಕೆಲವಕ್ಕೆ ಕುತ್ತಿಗೆಯ ಹತ್ತಿರ ಮಸಿಯಂಥ ಕಪ್ಪು. ಅವನ್ನು ಬೇರೆ ಹಾಕಿದೆ. ಉಳಿದವನ್ನು ದನದ ಕೊಟ್ಟಿಗೆಯ ತಗಡಿನ ಕೆಳಗೆ, ಬಿದಿರಿನ ತಟ್ಟಿಯ ಮೇಲೆ ತೆಳ್ಳಗೆ ಹರವಿದ್ದೇವೆ. ಎಮ್ಮೆಯನ್ನು ಹೊರಗೆ ಕಟ್ಟಿದೆ. ಅದು ನನ್ನನ್ನು ನೋಡಿ ಒದರುತ್ತದೆ.

ಮತ್ತೆ ಮೋಡ. ಅವ್ವ ದಿನವಿಡೀ ಮುಗಿಲನ್ನೇ ನೋಡುತ್ತಾಳೆ. ನಾನು ಅವಳನ್ನು ನೋಡುತ್ತೇನೆ.

ಏಪ್ರಿಲ್ 27, ಭಾನುವಾರ

ಒಣ ಗಾಳಿ ಬಿಡುತ್ತಿದೆ. ಕುತ್ತಿಗೆಗಳು ದಾರದಂತೆ ಸಣ್ಣಗಾಗಿ ಮುಚ್ಚಿಕೊಂಡಿವೆ. ಚೂರು ತೊಟ್ಟು ಬಿಟ್ಟು ತಪ್ಪಲು ಕೊಯ್ದೆವು. ಒಂದು ಗಡ್ಡೆಯನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದೆ, ಸರಸರ ಎಂದಿತು. ಹೊರಪದರಿನಲ್ಲಿ ಈಗ ಒಂದು ಹನಿ ನೀರಿಲ್ಲ, ತೆಳ್ಳಗೆ ಕೆಂಪಾಗಿದೆ. ಅದರ ಕೆಳಗಿನದೂ ಒಣಗುತ್ತಿದೆ. ಒಳಗಿನದು ಕಲ್ಲಿನಂತೆ ಗಟ್ಟಿ. ತಂದು ಅವ್ವನ ಎಡಗೈಗೆ ಕೊಟ್ಟೆ. ಅವಳು ಅದನ್ನು ಮಡಿಲಲ್ಲೇ ಇಟ್ಟುಕೊಂಡಳು, ಕೊಡಲಿಲ್ಲ.

ಪಕ್ಕದ ಹೊಲದವರ ಸೊಸೆ ಬಂದು, ತಮ್ಮ ಗಡ್ಡೆ ಯಾವಾಗ ಕೀಳಬೇಕು ನೋಡಿ ಹೇಳು ಎಂದು ಕರೆದಳು. ಹೋಗಿ ಬಂದೆ. ಮನೆಗೆ ಬರುವಷ್ಟರಲ್ಲಿ ಹಾಲು ಉಕ್ಕಿಹೋಗಿತ್ತು.

ಮೇ 4, ಭಾನುವಾರ

ಇವರು ಬಂದಿದ್ದಾರೆ. ಕೊಟ್ಟಿಗೆಯ ಹಿಂದೆ ಕೆಟ್ಟ ಮೋಟರಿನ ವೈರು ಬಿಚ್ಚುತ್ತ ಕೂತಿದ್ದರು. ನಾಳೆ ವ್ಯಾಪಾರಿ ಬರುತ್ತಾನೆ. ಮಳೆಯ ಕಲೆ ಬಿದ್ದ ಗಡ್ಡೆಗಳನ್ನು ಚೊಕ್ಕ ಮಾಡೋಣವೆಂದು ಮೇಲಿನ ಸಿಪ್ಪೆ ತಿಕ್ಕಿ ತೆಗೆಯುತ್ತ ಕೂತೆ. ಒಳಗಿನಿಂದ ಹೊಳೆಯುವ ಪದರು ಬರುತ್ತಿತ್ತು. ಅವ್ವ ಮಂಚದ ಮೇಲೆ ಕೂತು ನೋಡುತ್ತಿದ್ದಳು. ಗುಡ್ಡೆ ಅರ್ಧ ಮುಗಿದಿರಬೇಕು.

“ಸುಲೀಬ್ಯಾಡ.”

“ಸುಲೀಲಿಲ್ಲಂದ್ರ ಹೆಂಗ ಯವ್ವಾ? ಮ್ಯಾಲೆಲ್ಲಾ ಕಪ್ಪ ಆಗೇತಿ. ಒಳಗಿಂದು ನೋಡ ಎಷ್ಟ ಚಂದ ಐತಿ.”

“ಒಳ… ಒಳಗಿಂದು ಮತ್ತ ಒಣಗತೈತಿ. ತ… ತೂಕ ಹೋಗತೈತಿ. ಬಿಡ.”

“ಕಲಿ ಇದ್ದದ್ದ ಕಂಡ್ರ ತಗೊಳ್ಳೂದ ಇಲ್ಲ ಅವ. ನೀ ಸುಮ್ನ ಕೂಡ. ನನಗ ಗೊತ್ತೈತಿ.”

“ಏನ ಗೊತ್ತೈತಿ ನಿನಗ! ಅದರ ಅಂಗಿ ಅದು. ಕಳೀಬ್ಯಾಡ!”

ನಾನೂ ಬಿಡಲಿಲ್ಲ. ಕೈಯಲ್ಲಿನ ಗಡ್ಡೆ ತೋರಿಸುತ್ತ ದನಿ ಏರಿಸಿದೆ. ಅವಳು ಮಂಚ ಬಡಿದಳು. ಅಷ್ಟರಲ್ಲಿ ಇವರು ಕೈಯಲ್ಲಿ ಇಕ್ಕಳ ಹಿಡಿದುಕೊಂಡೇ ಓಡಿಬಂದರು. ಮುಖ ಬಿಳಿಚಿಕೊಂಡಿತ್ತು.

“ಯಾರ ಮಾತಾಡಿದ್ರು?”

“ಮತ್ಯಾರು, ಅವ್ವ! ನೀವರ ಹೇಳ್ರಿ ಈಕಿಗೆ…” ಎಂದು ಅವಳ ಕಡೆ ತಿರುಗಿದೆ. ಆಗ ನಾನು ಹೇಳಿದ್ದು ನನಗೇ ಕೇಳಿಸಿತು.

ಇವರು ಅಂಗಳದಲ್ಲೇ ಕುಸಿದು ಕೂತರು. ನಾನು ಸಿಪ್ಪೆಯ ಗುಡ್ಡೆಯ ಪಕ್ಕದಲ್ಲಿ ಕೂತೆ. ಅವ್ವ ನಮ್ಮಿಬ್ಬರನ್ನೂ ಗಮನಿಸಲಿಲ್ಲ. ಬಾಯಿ ಒಂದು ಬದಿಗೆ ಎಳೆಯುತ್ತಿತ್ತು, ಅರ್ಧ ಮಾತು ತೊದಲು, ಕೆಲವು ಮಾತು ಉಸಿರಿನಲ್ಲೇ ಕರಗುತ್ತಿದ್ದವು. ತಪ್ಪಲು ಮಲಗಿದ ಕೂಡಲೇ ಕೀಳಲಿಲ್ಲವೇಕೆ, ಕೆಳಗಿನ ಪಟ್ಟಿ ಬಿಟ್ಟದ್ದೇಕೆ, ಎಮ್ಮೆಯನ್ನು ಬಿಸಿಲಿಗೆ ಕಟ್ಟಿದ್ದೇಕೆ, ಸಾರಿಗೆ ಇಷ್ಟು ದಿನ ಉಪ್ಪು ಕಡಿಮೆ ಏಕೆ, ಎಲ್ಲವನ್ನೂ ಒಂದೊಂದಾಗಿ ತೆಗೆದು ಬಯ್ಯುತ್ತಲೇ ಹೋದಳು. ನಾವು ಯಾರೂ ತಡೆಯಲಿಲ್ಲ.